ಅಚ್ಚಾಗದ ಅಕ್ಷರ

ಮೇ ತಿಂಗಳ ಕಲಬುರಗಿಯೊಳಗ
ಸ್ವೆಟರ್ ಹಾಕ್ಕೊಂಡು ಕೆಲಸಕ್ಕ ಕೂತವರು
ಇಡೀ ಊರಿಗೆ ನಾವು ಆರು ಮಂದಿ.
ಹೊರಗ ಡಾಂಬರು ಚಪ್ಪಲಿಗೆ ಅಂಟ್ತಿತ್ತು.
ಒಳಗ ಮಿಷಿನ್ನು
ತಂಪು ಇಲ್ಲಂದ್ರ ಮಾತೇ ಆಡೂದಿಲ್ಲ ಅನ್ನೋ ನವಾಬ.

ಅದರ ಲೆಕ್ಕ ಜೋರು, ಪ್ರಿಂಟರು ನಿಧಾನ.
ಬಂಡಿ ದಾಟೂತನಕ ಗೇಟಿನಾಗ ರೈಲು ನಿಂತಂಗ
ಮಿಷಿನ್ನು ನಿಲ್ಲಬಾರದಂತ
ಅಚ್ಚಾಗೂದನ್ನೆಲ್ಲ ಮೊದಲು ಟೇಪಿಗೆ ಬರೀತಿತ್ತು.
ಕರೆಂಟು ಬಿಲ್ಲು, ಪರೀಕ್ಷಾ ಮಾರ್ಕು,
ವಾಡಿ ಕಡೆಯ ಸಿಮೆಂಟ್ ಕಾರ್ಖಾನಿ ಪಗಾರ,
ಎಲ್ಲಾ ಕಂದು ಬಣ್ಣದ ಒಂದೇ ರಿಬ್ಬನ್ನು,
ಬೆಳಕಿಗೆ ಹಿಡಿದ್ರ ಏನೂ ಕಾಣ್ತಿರಲಿಲ್ಲ.

ಮೊಹಿಯುದ್ದೀನ್ ಸಾಬರು ಕಲಿಸಿದ್ದು:
ಮೊದಲು ಸುರುಳಿಯ ಹೆಸರು, ಆರಕ್ಷರ.
ಆಮ್ಯಾಲ ಫೈಲಿನ ಹೆಸರು, ಹುಟ್ಟಿದ ತಾರೀಖು,
ಯಾವತ್ತಿನ ತನಕ ಅಳಿಸಬಾರದು ಅನ್ನೋ ತಾರೀಖು.
ಆಮ್ಯಾಲೊಂದು ಗುರುತು, ಹೊಸ್ತಿಲಿದ್ದಂಗ.
ದಾಟಿದ ಮ್ಯಾಲ ಸಾಲುಗಳು, ಕಟ್ಟು ಕಟ್ಟಾಗಿ,
ಕಟ್ಟಿಗೂ ಕಟ್ಟಿಗೂ ನಡುವ
ಅರ್ಧ ಇಂಚಿಗಿಂತ ತುಸು ಹೆಚ್ಚು ಖಾಲಿ.
ಖಾಲಿ ಯಾಕ್ರಿ ಚಾಚಾ?
ಓಡೋದಕ್ಕ ನಿಲ್ಲಾಕ ಜಾಗ ಬೇಕಲ್ಲೋ ಬೇಟಾ.

ಸಾಲಿಗೆ ನೂರಾ ಮೂವತ್ಮೂರು ಅಕ್ಷರ.
ಕಾಗದಕ್ಕ ಬರೂದು ನೂರಾ ಮೂವತ್ತೆರಡು.
ಮೊದಲನೇದು ಅಚ್ಚಾಗೂದಿಲ್ಲ,
ಅದು ಪ್ರಿಂಟರಿನ ಕಿವಿಗಷ್ಟ:
ಒಂದು ಅಂದ್ರ ಹೊಸ ಹಾಳಿ,
ಸೊನ್ನಿ ಅಂದ್ರ ಒಂದು ಸಾಲು ಬಿಟ್ಟು ಇಳಿ,
ಕೂಡಿಸೂ ಚಿಹ್ನಿ ಇದ್ರ
ಇಳೀಬ್ಯಾಡ, ಬರೆದದ್ದರ ಮ್ಯಾಲ ಇನ್ನೊಮ್ಮೆ ಬರಿ.
ದಪ್ಪ ಅಕ್ಷರ ಹಂಗ ಆಗ್ತಾವ,
ಒಂದೇ ಕಡೆ ಎರಡು ಪೆಟ್ಟು ತಿಂದು.

ಆವತ್ತು ರಾತ್ರಿ ಪಗಾರದ ಟೇಪು ಬರೀತಿತ್ತು.
ಸುರುಳಿ ತುದಿಯ ಬೆಳ್ಳಿ ಚೂರು ಮಿಂಚಿತು,
ಮಿಷಿನ್ನು ಎರಡನೇ ಸುರುಳಿ ಕೇಳಿತು.
ಹಾಕಿದೆ. ಚೀಟಿ ಅಂಟಿಸೂದು ಮರೆತೆ.
ಬೆಳಗ್ಗೆ ಪಾಳಿಗೆ ಬಂದ ಧೂಳಪ್ಪ
ಖಾಲಿ ಟೇಪು ಅಂದ್ಕೊಂಡು ರ್‍ಯಾಕಿಗೆ ಸೇರಿಸಿದ.

ಕಾರ್ಖಾನಿಯಿಂದ ಪಗಾರ ಚೀಟಿ ಒಯ್ಯಾಕ
ಗೋಣಿಚೀಲ ಹಿಡಕೊಂಡು ಬಂದವ ಮಲ್ಕಪ್ಪ.
ಪ್ರಿಂಟರು ಕಟಕಟ ಹೊಡೀತಾ ಬಂದು
ಟೋಕನ್ ಸಾವಿರದ ನೂರಾ ಎಂಬತ್ತೇಳಕ್ಕ ನಿಂತಿತು.
ಹೆಸರು ಬಂದಿತ್ತು. ಕೆಳಗ ಬಿಳಿ ಕಾಗದ.
ಮಲ್ಕಪ್ಪ ಬಗ್ಗಿ ನೋಡಿದ.
ಅಕ್ಷರ ಬರ್ತಿರಲಿಲ್ಲ ಅವಗ, ಟೋಕನ್ನು ಗೊತ್ತಿತ್ತು.
"ಇದು ನಂದ ಐತ್ರಿ.
ನಾ ಬಂದೀನಿ, ರೊಕ್ಕ ಎಲ್ಲ್ಯದ?"

ಹರೀಬ್ಯಾಡ್ರಿ ಅಂದ್ರು ಸಾಬರು.
ಹಾಳಿ ಪ್ರಿಂಟರಿನಿಂದ ಅರ್ಧ ಹೊರಗ, ಹಂಗ ಜೋತುಬಿದ್ದಿತ್ತು.
ನಾವು ನಾನೂರು ಸುರುಳಿ ಒಂದೊಂದಾಗಿ ಇಳಿಸಿದ್ವಿ.
ತೆಳು ಅಂಗಿಯೊಳಗ ಮಲ್ಕಪ್ಪ ನಡುಗಾಕ ಹತ್ತಿದ,
ನನ್ನ ಸ್ವೆಟರ್ ಕೊಟ್ಟೆ.
ಬ್ಯಾಸಗಿಯೊಳಗ ಚಳಿ, ಇದೇನ್ ಆಟರಿ ಅಂತ ನಕ್ಕ.

ಸಿಕ್ಕಿದ್ದು ಮಧ್ಯಾಹ್ನ, ಅದೂ ಕೆಂಪು ದೀಪದಿಂದ.
ಧೂಳಪ್ಪ ಅದರ ಮ್ಯಾಲ ಬ್ಯಾರೆ ಕೆಲಸ ಬರಿಯಾಕ ಹೋಗಿದ್ದ,
ಮಿಷಿನ್ನು ಒಲ್ಲೆ ಅಂದಿತ್ತು.
ಸುರುಳಿಯ ಬೆನ್ನಿಗೆ ಹಳದಿ ಉಂಗುರ ಇರಲಿಲ್ಲ.
ಉಂಗುರ ಇದ್ರ ಬರೀಬಹುದು, ತೆಗೆದ್ರ ಓದೂದಷ್ಟ.
ರಾತ್ರಿ ನಾ ಮುಖ ತೊಳಕೊಳ್ಳಾಕ ಹೋದಾಗ
ಯಾರೋ ತೆಗೆದಿದ್ರು.
ಸಾಬರು ಏನೂ ಹೇಳಲಿಲ್ಲ.
ಚಾ ತರಿಸಿದ್ರು.

ಎರಡನೇ ಸುರುಳಿ ತಿರುಗಿತು.
ಪ್ರಿಂಟರು ನಿಂತ ಸಾಲಿನ ಮುಂದಿನ ಸಾಲಿಗೇ ಇಳಿದು
ಮೂಲ ಪಗಾರ, ತುಟ್ಟಿಭತ್ಯ, ಸೊಸೈಟಿ ಕಡಿತ,
ನಡುವ ಏನೂ ಆಗಿಲ್ಲದಂಗ.
ಮಲ್ಕಪ್ಪ ಕಡೀ ಅಂಕಿ ಬೆರಳಿಟ್ಟು ಎಣಿಸಿದ:
"ಎರಡು ರೂಪಾಯಿ ಕಮ್ಮಿ ಅದ ಅಲ್ರಿ."

ಗೋಣಿಚೀಲ ಹೆಗಲಿಗೇರಿಸಿ
ಸ್ವೆಟರ್ ಸಹಿತ ಬಿಸಿಲಿಗೆ ಇಳಿದು ಹೋದ.
ಮುಂದಿನ ತಿಂಗಳು ಒಗೆದು, ಮಡಚಿ ತಂದ.
ಕಿಸೆಯೊಳಗ ಹಳದಿ ಉಂಗುರ ಇತ್ತು.
ನಾ ಇಟ್ಟಿದ್ದಲ್ಲ ಅದು.